ಎರಡು ಗಸಗಸೆ ಕಾಳಿನಷ್ಟು ನೀಲಿ

1981ರ ಫೆಬ್ರವರಿ 24. ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿ ಯುವರಾಜ ಚಾರ್ಲ್ಸ್ ಪಕ್ಕ ನಿಂತಿದ್ದ ಹತ್ತೊಂಬತ್ತರ ಹುಡುಗಿ ಡಯಾನಾಳ ಎಡಗೈ ಬೆರಳನ್ನು ಕ್ಯಾಮೆರಾಗಳೆಲ್ಲ ಮುತ್ತಿಕೊಂಡವು. ಅರಸುಮನೆಯ ನಿಶ್ಚಿತಾರ್ಥ, ದಪ್ಪನೆಯ ವಜ್ರ ಇರಬೇಕಿತ್ತಲ್ಲ? ಇರಲಿಲ್ಲ. ನಡುವೆ ಕೂತಿದ್ದದ್ದು ಶ್ರೀಲಂಕಾದ 12 ಕ್ಯಾರೆಟ್ ನೀಲಮಣಿ. ವಜ್ರವೂ ಇತ್ತು, ಒಂದಲ್ಲ 14. ಆದರೆ ಅವೆಲ್ಲ ನೀಲದ ಸುತ್ತ ದ್ವಾರಪಾಲಕರ ಹಾಗೆ ನಿಂತಿದ್ದವು.

ಕ್ಯಾರೆಟ್ ಎಂದ ಕೂಡಲೇ ನಮಗೆ 22 ಕ್ಯಾರೆಟ್ ಚಿನ್ನ ನೆನಪಾಗುತ್ತದೆ. ಅದು ಶುದ್ಧತೆಯ ಲೆಕ್ಕ, ಇದು ತೂಕದ್ದು. ಹರಳಿನ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಗ್ರಾಮಿಗೆ ಐದು. ಹಾಗಾಗಿ ಡಯಾನಾಳ ನೀಲ 2.4 ಗ್ರಾಂ, ಅರ್ಧ ಟೀ ಚಮಚ ಸಕ್ಕರೆಗಿಂತ ಒಂದಿಷ್ಟು ಹೆಚ್ಚು. ಅರಮನೆಗೆಂದೇ ಮಾಡಿಸಿದ್ದೂ ಅಲ್ಲ, ಅಂಗಡಿಯ ಕ್ಯಾಟಲಾಗಿನಲ್ಲಿ ಇದ್ದದ್ದು. ಬೆಲೆ 28,000 ಪೌಂಡ್ ಎಂದು ಪತ್ರಿಕೆಗಳು ಬರೆದವು. 2010ರಲ್ಲಿ ಅದೇ ಉಂಗುರ ಮಗ ವಿಲಿಯಂ ಕೈಯಿಂದ ಕೇಟ್ ಬೆರಳಿಗೆ ಬಂತು.

ಆ 2.4 ಗ್ರಾಮಿನಲ್ಲಿ ಇರುವುದಾದರೂ ಏನು? ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಮೇಲೆ ತಾನಾಗಿ ಕಟ್ಟಿಕೊಳ್ಳುವ ತೆಳು ಪೊರೆಯೂ ಇವೆರಡರದ್ದೇ. ಈ ಖನಿಜದ ಹಳೆಯ ಹೆಸರು ಕುರುವಿಂದ. ಅದರ ಪುಡಿಯಿಂದಲೇ ಸಾಣೆಕಲ್ಲು ಮಾಡುತ್ತಿದ್ದರು. ಪೂರ್ತಿ ಶುದ್ಧವಾಗಿದ್ದರೆ ಕುರುವಿಂದಕ್ಕೆ ಬಣ್ಣವೇ ಇಲ್ಲ, ಗಾಜಿನ ಹಾಗೆ ಬೆಳ್ಳಗೆ. ನೀಲಿ ಬರುವುದು ಒಳಗೆ ನುಸುಳಿದ ಕಬ್ಬಿಣ ಮತ್ತು ಟೈಟೇನಿಯಂನಿಂದ. ಎಷ್ಟು ನುಸುಳಬೇಕು? ಹತ್ತು ಸಾವಿರ ಪರಮಾಣುಗಳಲ್ಲಿ ಒಂದೋ ಎರಡೋ ಬೆರೆತರೂ ಸಾಕು, ಕಲ್ಲು ನೀಲಿಯಾಗುತ್ತದೆ. ಹತ್ತು ಸಾವಿರಕ್ಕೆ ಒಂದರಂತೆ ಹಿಡಿದು ಲೆಕ್ಕ ಹಾಕಿದೆ. ಡಯಾನಾಳ ಕಲ್ಲಿನೊಳಗಿನ ನೀಲಿಯ ತೂಕ ಸುಮಾರು 0.6 ಮಿಲಿಗ್ರಾಂ. ಎರಡು ಗಸಗಸೆ ಕಾಳು.

ತೂಕ ಇಷ್ಟೇ ಆದರೂ ತಲೆ ಎಣಿಸಹೊರಟರೆ ಕಥೆಯೇ ಬೇರೆ. ಆ ಎರಡು ಗಸಗಸೆ ಕಾಳಿನಷ್ಟರಲ್ಲಿ ಇರುವ ಪರಮಾಣುಗಳು ಏಳರ ಮುಂದೆ ಹದಿನೆಂಟು ಸೊನ್ನೆ. ಭೂಮಿಯ ಮೇಲಿನ 800 ಕೋಟಿ ಜನರೂ ಊಟ ನಿದ್ದೆ ಬಿಟ್ಟು, ಸೆಕೆಂಡಿಗೆ ಒಂದರಂತೆ, ತಮ್ಮ ತಮ್ಮ ಪಾಲನ್ನು ಎಣಿಸುತ್ತ ಕೂತರೆ 28 ವರ್ಷ ಹಿಡಿಯುತ್ತದೆ. ಎಣಿಕೆ ಮುಗಿಯುವಷ್ಟರಲ್ಲಿ ಇವತ್ತು ಹುಟ್ಟಿದ ಮಗುವಿಗೇ ನಿಶ್ಚಿತಾರ್ಥ ಆಗಿರುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಟೈಟೇನಿಯಂ ಒಂದೇ ಇದ್ದರೆ ಕಲ್ಲಿಗೆ ಬಣ್ಣ ಬರುವುದಿಲ್ಲ. ಕಬ್ಬಿಣ ಒಂದೇ ಇದ್ದರೆ ಹೆಚ್ಚೆಂದರೆ ಪೇಲವ ಹಳದಿ. ಎರಡೂ ಅಕ್ಕಪಕ್ಕ ಕೂತಾಗ ಕಬ್ಬಿಣದ ಒಂದು ಎಲೆಕ್ಟ್ರಾನು ಟೈಟೇನಿಯಂ ಕಡೆಗೆ ಜಿಗಿಯುತ್ತದೆ. ಆ ಜಿಗಿತಕ್ಕೆ ಬೇಕಾದ ಶಕ್ತಿಗಾಗಿ ಬೆಳಕಿನೊಳಗಿನ ಹಳದಿ, ಕೆಂಪುಗಳನ್ನು ನುಂಗುತ್ತದೆ. ನುಂಗದೆ ಬಿಟ್ಟದ್ದು ನೀಲಿ. ನಿಶ್ಚಿತಾರ್ಥದ ಉಂಗುರಕ್ಕೆ ಇದಕ್ಕಿಂತ ಹೊಂದುವ ರಸಾಯನಶಾಸ್ತ್ರ ನನಗಂತೂ ಗೊತ್ತಿಲ್ಲ. ಆದರೆ ಯಾವ ಅಂಗಡಿಯವರೂ ಇದನ್ನು ಹೇಳಿ ಮಾರಿದ್ದನ್ನು ಕಂಡಿಲ್ಲ.

ವಜ್ರದ ದಾರಿ ಇದಕ್ಕೆ ಉಲ್ಟಾ. ಅದು ಬರೀ ಇಂಗಾಲ. ಬಣ್ಣಕ್ಕೆ ಇಂಗ್ಲಿಷಿನ ಡಿ ಅಕ್ಷರದಿಂದ ಜ಼ೆಡ್‌ವರೆಗೆ ಅಂಕ ಕೊಡುತ್ತಾರೆ. ಡಿ ಎಂದರೆ ಬಣ್ಣವೇ ಇಲ್ಲ, ಅದಕ್ಕೇ ಹೆಚ್ಚು ಬೆಲೆ. ಒಳಗೆ ಬಿರುಕಿಲ್ಲ, ಚುಕ್ಕೆಯಿಲ್ಲ, ಮೋಡವಿಲ್ಲ ಎಂದಷ್ಟೂ ದರ ಏರುತ್ತದೆ. ಅಂದರೆ ವಜ್ರದಲ್ಲಿ ಇಲ್ಲದ್ದಕ್ಕೆ ದುಡ್ಡು ಕೊಡುತ್ತೇವೆ, ನೀಲದಲ್ಲಿ ಇರುವ ಕಲ್ಮಶಕ್ಕೆ.

ವಜ್ರ ಸುಲಭಕ್ಕೆ ಸಿಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ 1871ರಿಂದ 1914ರವರೆಗೆ ಜನ ಗುದ್ದಲಿ, ಸಲಿಕೆ ಹಿಡಿದು ಅಗೆದ ಹೊಂಡ ಈಗಲೂ ಬಾಯ್ತೆರೆದುಕೊಂಡಿದೆ. ಅಲ್ಲಿಂದ ಎತ್ತಿದ ಮಣ್ಣು ಸುಮಾರು 2.25 ಕೋಟಿ ಟನ್. ಸಿಕ್ಕಿದ ವಜ್ರ 2,720 ಕಿಲೋ. ಭಾಗಿಸಿ ನೋಡಿದರೆ ಒಂದು ಕ್ಯಾರೆಟ್ಟಿಗೆ ಸುಮಾರು 1.65 ಟನ್. ಕತ್ತರಿಸಿ ಹೊಳಪು ಕೊಡುವಾಗ ಅರ್ಧದಷ್ಟು ಸವೆದುಹೋಗುತ್ತದೆ. ಆದ್ದರಿಂದ ಬೆರಳ ಮೇಲಿನ ಒಂದು ಕ್ಯಾರೆಟ್ಟಿನ ಹಿಂದೆ ಒಂದು ಟ್ರ್ಯಾಕ್ಟರ್ ಲೋಡು ಮಣ್ಣಿದೆ.

ಆದರೂ ಒಟ್ಟು ರಾಶಿ ದೊಡ್ಡದು. 2022ರಲ್ಲಿ ಜಗತ್ತಿನ ಗಣಿಗಳಿಂದ ಬಂದ ಒರಟು ವಜ್ರ, ಕೈಗಾರಿಕೆಗೆ ಹೋಗುವ ಕಳಪೆಯೂ ಸೇರಿ, ಸುಮಾರು 12 ಕೋಟಿ ಕ್ಯಾರೆಟ್. ದಿನಕ್ಕೆ ಮೂರು ಲಕ್ಷ ಕ್ಯಾರೆಟ್ ಮೀರಿತು. ವರ್ಷಕ್ಕೆ 24 ಟನ್. ಸರಾಸರಿ ಬೆಲೆ ಕ್ಯಾರೆಟ್ಟಿಗೆ 133 ಡಾಲರ್ ಆಸುಪಾಸು. ಇಷ್ಟು ಸರಕು ಖರ್ಚಾಗಬೇಕೆಂದರೆ ಪ್ರತಿ ಮದುವೆಗೂ ವಜ್ರ ಬೇಕೇಬೇಕು ಎಂದು ಜನಕ್ಕೆ ಅನ್ನಿಸಬೇಕು. ಅನ್ನಿಸುವ ಹಾಗೆ ಮಾಡಿದ್ದು ಡಿ ಬಿಯರ್ಸ್ ಕಂಪನಿ 1938ರಲ್ಲಿ ಕೆಲಸಕ್ಕೆ ಹಿಡಿದ ಎನ್.ಡಬ್ಲ್ಯೂ. ಏಯರ್ ಎಂಬ ಅಮೆರಿಕದ ಜಾಹೀರಾತು ಸಂಸ್ಥೆ. ವಜ್ರ ಶಾಶ್ವತ ಎಂಬ ಅದರ ಘೋಷವಾಕ್ಯವನ್ನು 1947ರಲ್ಲಿ ಬರೆದವರು ಫ್ರಾನ್ಸಸ್ ಜೆರೆಟಿ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ! ಜಪಾನಿನಲ್ಲಿ 1967ರ ಹೊತ್ತಿಗೆ ನೂರಕ್ಕೆ ಐದು ವಧುಗಳ ಕೈಯಲ್ಲೂ ವಜ್ರದುಂಗುರ ಇರಲಿಲ್ಲ. 1981ರ ಹೊತ್ತಿಗೆ ನೂರಕ್ಕೆ ಅರವತ್ತು. ಹದಿನಾಲ್ಕು ವರ್ಷದಲ್ಲಿ ಒಂದು ದೇಶಕ್ಕೆ ಹೊಸ ಸಂಪ್ರದಾಯ! ಅದಕ್ಕೂ ಹಿಂದೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ತೊಡಿಸಿದ್ದು ಹಾವಿನ ಆಕಾರದ, ಪಚ್ಚೆ ಕೂರಿಸಿದ ಉಂಗುರ. ಆಗ ಯಾರೂ ಕೊಂಕು ತೆಗೆದಂತಿಲ್ಲ.

ನೀಲ ಸಿಗುವ ಬಗೆಯೇ ಬೇರೆ. ಶ್ರೀಲಂಕಾದ ರತ್ನಪುರದ ಗದ್ದೆಗಳಲ್ಲಿ ಬಾವಿಯಂಥ ಗುಂಡಿ ತೋಡಿ, ಕುಸಿಯದಂತೆ ಮರದ ಚೌಕಟ್ಟು, ಜರೀಗಿಡದ ಸೊಪ್ಪು ಒತ್ತಿ ಇಳಿಯುತ್ತಾರೆ. ತಳದಲ್ಲಿ ಸಿಗುವ ಜಲ್ಲಿಯ ಪದರಕ್ಕೆ ಸಿಂಹಳದಲ್ಲಿ ಇಲ್ಲಮ ಎನ್ನುತ್ತಾರೆ. ಅದನ್ನು ಬುಟ್ಟಿಗೆ ಹಾಕಿ ನೀರಿನಲ್ಲಿ ಗಿರಗಿರ ತಿರುಗಿಸುವುದು ನೋಡಿದರೆ ನಮ್ಮ ಅಕ್ಕಿ ಜಾಲಿಸುವುದೇ ನೆನಪಾಗುತ್ತದೆ. ನಾವು ಅಕ್ಕಿ ತೇಲಿಸಿಕೊಂಡು ತಳದ ಕಲ್ಲು ಚೆಲ್ಲುತ್ತೇವೆ. ಅವರು ಮಿಕ್ಕಿದ್ದೆಲ್ಲ ಚೆಲ್ಲಿ ತಳದ ಕಲ್ಲು ಇಟ್ಟುಕೊಳ್ಳುತ್ತಾರೆ. ನೀಲ ನೀರಿಗಿಂತ ನಾಲ್ಕು ಪಟ್ಟು ಭಾರ, ಸಾಮಾನ್ಯ ಮರಳು ಎರಡೂವರೆ ಪಟ್ಟು ಚಿಲ್ಲರೆ. ಇಡೀ ಉದ್ಯಮ ನಿಂತಿರುವುದು ಈ ವ್ಯತ್ಯಾಸದ ಮೇಲೆ. 2021ರಲ್ಲಿ ಅದೇ ರತ್ನಪುರದ ಒಂದು ಮನೆಯ ಹಿತ್ತಲಲ್ಲಿ ಬಾವಿ ತೋಡುವಾಗ 510 ಕಿಲೋದ ನೀಲದ ಗೊಂಚಲು ಸಿಕ್ಕಿದ ಸುದ್ದಿ ಬಂತು. ತುಂಬಿದ ಹದಿನೇಳು ಗ್ಯಾಸ್ ಸಿಲಿಂಡರುಗಳ ತೂಕ. 25.5 ಲಕ್ಷ ಕ್ಯಾರೆಟ್. ತೂಕ ಇದ್ದ ಮಾತ್ರಕ್ಕೆ ಉಂಗುರಕ್ಕೆ ಬರುತ್ತದೆ ಎಂದೇನಿಲ್ಲ, ಅದು ಬೇರೆ ಮಾತು.

ಈ ಕಲ್ಲುಗಳ ವಯಸ್ಸು ಸುಮಾರು 55 ಕೋಟಿ ವರ್ಷ. ಅವು ಹುಟ್ಟುವಾಗ ಶ್ರೀಲಂಕಾ, ದಕ್ಷಿಣ ಭಾರತ, ಮಡಗಾಸ್ಕರ್ ಒಂದೇ ನೆಲಕ್ಕೆ ಅಂಟಿಕೊಂಡಿದ್ದವು. ಹಾಗಾಗಿ 1998ರಲ್ಲಿ ಮಡಗಾಸ್ಕರಿನ ಇಲಕಾಕದಲ್ಲಿ ಸಿಕ್ಕಿದ ನೀಲಕ್ಕೂ ರತ್ನಪುರದ್ದಕ್ಕೂ ದಾಯಾದಿಗಳ ಹೋಲಿಕೆ. ಪ್ರಯೋಗಾಲಯದವರೇ ತಲೆ ಕೆರೆದುಕೊಳ್ಳುತ್ತಾರೆ. ನಾಲ್ಕಾರು ಗುಡಿಸಲಿನ ಇಲಕಾಕ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಜನರ ಊರಾಯಿತು.

ಕಾಶ್ಮೀರದ್ದು ಇನ್ನೂ ಸೋಜಿಗ. 1881ರ ಸುಮಾರಿಗೆ ಪಾಡರ್ ಕಣಿವೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಗುಡ್ಡ ಕುಸಿದು ನೀಲ ಕಂಡಿತು. ವರ್ಷದಲ್ಲಿ ಎರಡು ಮೂರು ತಿಂಗಳು ಬಿಟ್ಟರೆ ಉಳಿದದ್ದೆಲ್ಲ ಹಿಮ. 1887ರ ಹೊತ್ತಿಗೆ ಒಳ್ಳೆಯ ಕಲ್ಲು ಮುಗಿದೇ ಹೋಗಿತ್ತು. ಆ ನಾಲ್ಕಾರು ಬೇಸಿಗೆಗಳ ಬೆಳೆಯನ್ನೇ ಜಗತ್ತು ಇವತ್ತಿಗೂ ಕೈ ಬದಲಿಸುತ್ತಿದೆ. 2015ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ 27.68 ಕ್ಯಾರೆಟ್ಟಿನ, ಅಂದರೆ ಐದೂವರೆ ಗ್ರಾಮಿನ ಕಾಶ್ಮೀರ ನೀಲ ಸುಮಾರು 67 ಲಕ್ಷ ಡಾಲರಿಗೆ ಹೋಯಿತು. ಕ್ಯಾರೆಟ್ಟಿಗೆ 2.42 ಲಕ್ಷ ಡಾಲರ್. ಮೇಲೆ ಹೇಳಿದ ವಜ್ರದ ಸರಾಸರಿಯ 1,800 ಪಟ್ಟು. ಒರಟು ವಜ್ರದ ಜತೆಗೆ ದಾಖಲೆ ಕಲ್ಲನ್ನು ತೂಗಿದ್ದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಲೆಕ್ಕ ಹಾಕದೆ ಇರಲಾಗಲಿಲ್ಲ.

ಇದನ್ನೆಲ್ಲ ನಾನು ಕೆದಕಲು ಕಾರಣ ಅಕ್ಕನ ಮಗಳು. ನಿಶ್ಚಿತಾರ್ಥಕ್ಕೆ ವಜ್ರ ಬೇಡ, ಬಣ್ಣದ ಹರಳು ಸಾಕು ಎಂದಳು. ಮನೆಯಲ್ಲಿ ಯಾರಿಗೂ ಬೇಜಾರಿಲ್ಲ. ಅಮ್ಮನ ಕಿವಿಯಲ್ಲಿ ಕೆಂಪಿನ ಓಲೆಯೇ ಇದೆ. ಆದರೆ ನೀಲ ಎಂದ ಕೂಡಲೇ ಅಮ್ಮ ಕಾಫಿ ಲೋಟ ಕೆಳಗಿಟ್ಟರು. “ಅದು ಶನಿ ಕಲ್ಲು ಕಣೇ, ಎಲ್ಲರಿಗೂ ಆಗಿ ಬರಲ್ಲ.”

“ಕೆಂಪೂ ಅದೇ ಕಲ್ಲು ಅಜ್ಜಿ. ಮಾಮನ್ನ ಕೇಳು ಬೇಕಾದ್ರೆ.”

ಹೌದು, ಅದೇ ಕುರುವಿಂದ. ಕಬ್ಬಿಣ, ಟೈಟೇನಿಯಂ ಜಾಗದಲ್ಲಿ ನೂರಕ್ಕೆ ಒಂದರ ಆಸುಪಾಸು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಅದೇ ಕ್ರೋಮಿಯಂ ಬೇರೊಂದು ಖನಿಜದೊಳಗೆ ಸೇರಿದರೆ ಹಸಿರು ಪಚ್ಚೆ. ಮಾಣಿಕ್ಯದ ಸಂಖ್ಯೆಗಳು ನೀಲದ್ದಕ್ಕಿಂತ ಜೋರು: ಮೊಜಾಂಬಿಕ್‌ನ 101 ಕ್ಯಾರೆಟ್ಟಿನ ಒರಟು ಕಲ್ಲನ್ನು ಕೊರೆದು ಮಾಡಿದ 55.22 ಕ್ಯಾರೆಟ್ಟಿನ ಹರಳು 2023ರಲ್ಲಿ ನ್ಯೂಯಾರ್ಕಿನಲ್ಲಿ 3.48 ಕೋಟಿ ಡಾಲರಿಗೆ ಮಾರಾಟವಾಯಿತು.

ಅಮ್ಮನಿಗೆ ಅದನ್ನು ಹೇಳಲಿಲ್ಲ. ಬದಲಿಗೆ ಅಪ್ಪನ ಎಚ್‌ಎಂಟಿ ಜನತಾ ಗಡಿಯಾರ ತಂದು ತೋರಿಸಿದೆ. ಮುಖದ ಮೇಲೆ 17 ಜ್ಯುವೆಲ್ಸ್ ಎಂದಿದೆ. ಅವು ನಿಜವಾದ ಮಾಣಿಕ್ಯಗಳೇ, ಗಣಿಯವಲ್ಲ, ಕುಲುಮೆಯವು. ಪ್ಯಾರಿಸ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಅಲ್ಯೂಮಿನಾ ಪುಡಿಯನ್ನು 2,000 ಡಿಗ್ರಿ ಮೀರಿದ ಜ್ವಾಲೆಯೊಳಗೆ ಉದುರಿಸಿ, ಕೆಲವೇ ಗಂಟೆಗಳಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ. 1907ರ ಹೊತ್ತಿಗೆ ವರ್ಷಕ್ಕೆ 1,000 ಕಿಲೋ, ಐವತ್ತು ಲಕ್ಷ ಕ್ಯಾರೆಟ್! ಸವೆಯದ ಕಲ್ಲು ಬೇಕಿದ್ದ ಗಡಿಯಾರದವರಿಗೆ ಹಬ್ಬ. ಅಪ್ಪನ ಗಡಿಯಾರ ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4,32,000 ಸಲ. ಕಲಿಯುಗಕ್ಕೆ ಎಷ್ಟು ವರ್ಷವೋ ಅಷ್ಟು, ಕಾಕತಾಳೀಯ. ಅಷ್ಟು ಬಡಿತವನ್ನೂ ದಶಕಗಟ್ಟಲೆ ಸಾಸಿವೆಗಿಂತ ಸಣ್ಣ ಮಾಣಿಕ್ಯಗಳೇ ತಾಳಿಕೊಂಡಿವೆ. ಗುಮಾಸ್ತರೂ ಮೇಷ್ಟರುಗಳೂ ಮಣಿಕಟ್ಟಿಗೆ ಹದಿನೇಳು ಮಾಣಿಕ್ಯ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದರು!

ಅಕ್ಕನ ಮಗಳ ಜೊತೆ ಕಲ್ಲು ನೋಡಲು ಹೋದಾಗ ಚಿಕ್ಕಪೇಟೆಯ ಹರಳಿನ ವ್ಯಾಪಾರಿ ಬಿಳಿ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಎರಡು ನೀಲ ಎತ್ತಿಟ್ಟರು. ಬರಿಗಣ್ಣಿಗೆ ಒಂದು ಚೂರೂ ಮೋಡವಿಲ್ಲದ್ದು ಕುಲುಮೆಯದು. ಭೂತಗನ್ನಡಿಯಲ್ಲಿ ಅದರೊಳಗೆ ಗ್ರಾಮಫೋನ್ ತಟ್ಟೆಯ ಹಾಗೆ ಬಾಗಿದ ಗೆರೆಗಳು. ಇನ್ನೊಂದರಲ್ಲಿ ಕೂದಲಿಗಿಂತ ತೆಳುವಾದ ನೇರ ಸೂಜಿಗಳು ಒಂದಕ್ಕೊಂದು ಅರವತ್ತು ಡಿಗ್ರಿಯಲ್ಲಿ ಹಾಯ್ದಿದ್ದವು. ಈ ಧಂದೆಯವರು ಇದಕ್ಕೆ ರೇಷ್ಮೆ ಎನ್ನುತ್ತಾರೆ. ಸೂಜಿಗಳು ಟೈಟೇನಿಯಂ ಖನಿಜದವು. 1,600 ಡಿಗ್ರಿ ಮೀರಿ ಕಾಯಿಸಿದರೆ ಕರಗಿ, ಒಳಗಿನ ಕಬ್ಬಿಣದ ಜೊತೆ ಸೇರಿ ನೀಲಿಯಾಗುತ್ತವೆ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಶ್ರೀಲಂಕಾದವರು ಬೇಡವೆಂದು ಬಿಸಾಡಿದ್ದ ಹಾಲುಬಣ್ಣದ ಕಲ್ಲುಗಳನ್ನು ಅಗ್ಗಕ್ಕೆ ಕೊಂಡು ಹೀಗೇ ಬೇಯಿಸಿ ದುಡ್ಡು ಮಾಡಿದರು. ಇವತ್ತು ಮಾರುಕಟ್ಟೆಯ ಬಹುಪಾಲು ನೀಲ ಬೆಂದದ್ದೇ. ಸೂಜಿ ಮುಕ್ಕಾಗದೆ ಉಳಿದಿದ್ದರೆ ಕಲ್ಲು ಬೆಂಕಿ ಕಂಡಿಲ್ಲ ಎಂದು ತಿಳಿಯಬಹುದು, ಬೆಲೆಯೂ ಹೆಚ್ಚು.

“ದಿನಾ ಹಾಕ್ಕೊಂಡ್ರೆ ಸವೆಯಲ್ವಾ ಸಾರ್?” ಎಂದು ಹುಡುಗಿ ಕೇಳಿದಳು. ಗಟ್ಟಿತನದಲ್ಲಿ ವಜ್ರಕ್ಕೆ 10, ನೀಲಕ್ಕೆ 9. ಮನೆಯ ದೂಳಿನಲ್ಲಿರುವ ಮರಳಿನ ಕಣಕ್ಕೆ 7. ಪಾತ್ರೆ ತೊಳೆದರೂ ಚಿಂತೆಯಿಲ್ಲ ಎಂದರು. ಪಚ್ಚೆ ಕೇಳಿದ್ದರೆ ಹುಷಾರು ಎನ್ನುತ್ತಿದ್ದರು. ಅದರೊಳಗೆ ಹುಟ್ಟಿನಿಂದಲೇ ಬಿರುಕು ಜಾಸ್ತಿ.

ಅವಳು ಆರಿಸಿದ್ದು ರೇಷ್ಮೆ ಇರುವ ಕಲ್ಲನ್ನು. 1.1 ಕ್ಯಾರೆಟ್, 220 ಮಿಲಿಗ್ರಾಂ. ನನ್ನ ಲೆಕ್ಕದಲ್ಲಿ ಅದರೊಳಗಿನ ನೀಲಿ ಒಂದು ಗಸಗಸೆ ಕಾಳಿನ ಐದನೇ ಒಂದು ಪಾಲೂ ತೂಗುವುದಿಲ್ಲ. ಅಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ: ಮೂರು ರಾತ್ರಿ ಹುಡುಗಿಯ ದಿಂಬಿನ ಕೆಳಗೆ ಇರಬೇಕು, ಕೆಟ್ಟ ಕನಸು ಬೀಳಬಾರದು. ವ್ಯಾಪಾರಿಗೆ ಇದೇನೂ ಹೊಸತಲ್ಲ. ಚೀಟಿ ಬರೆಸಿಕೊಂಡು ಪೊಟ್ಟಣ ಕೊಟ್ಟು ಕಳಿಸಿದರು. ಇವತ್ತು ಎರಡನೇ ರಾತ್ರಿ.