ಒಂದು ಚಿಪ್ಪಿಗಾಗಿ ನಿಂತ ಕಾರು

ಮಾರುತಿ ಸುಜುಕಿಯ ಹರಿಯಾಣ ಮತ್ತು ಗುಜರಾತ್ ಕಾರ್ಖಾನೆಗಳಲ್ಲಿ 2021ರ ಸೆಪ್ಟೆಂಬರ್ ತಿಂಗಳ ಉತ್ಪಾದನೆ ಮಾಮೂಲಿಯ ಶೇ. 40ರಷ್ಟೇ ಇರಬಹುದೆಂದು ಕಂಪನಿಯೇ ಮುಂಚಿತವಾಗಿ ಪ್ರಕಟಿಸಿತ್ತು. ಕೊಳ್ಳುವವರಿದ್ದರು. ಇಲ್ಲದಿದ್ದದ್ದು ಸೆಮಿಕಂಡಕ್ಟರ್ ಚಿಪ್.

ಕೋವಿಡ್ ಶುರುವಾದಾಗ, ಇನ್ನು ಕಾರು ಯಾರು ಕೊಳ್ಳುತ್ತಾರೆ ಎಂದುಕೊಂಡ ತಯಾರಕರು 2020ರಲ್ಲಿ ಚಿಪ್ ಆರ್ಡರುಗಳನ್ನು ಕಡಿತಗೊಳಿಸಿದ್ದರು. ಚಿಪ್ ಕಂಪನಿಗಳು ಖಾಲಿ ಕೂರಲಿಲ್ಲ. ಲ್ಯಾಪ್‌ಟಾಪು, ಫೋನುಗಳತ್ತ ಹೊರಳಿದವು. ವರ್ಷದ ಕೊನೆಗೆ ಕಾರಿನ ಬೇಡಿಕೆ ಮರಳಿದರೆ ಸಾಲಿನಲ್ಲಿ ಜಾಗವಿಲ್ಲ! ಒಂದು ಚಿಪ್ ತಯಾರಾಗಲು ಮೂರು ತಿಂಗಳಿಗೂ ಹೆಚ್ಚು ಬೇಕು. ಹೊಸ ಚಿಪ್ ಕಾರ್ಖಾನೆಗಂತೂ ವರ್ಷಗಳೇ ಬೇಕು. ಸಾಲದ್ದಕ್ಕೆ 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಘಟಕಕ್ಕೆ ಬೆಂಕಿ ಬಿತ್ತು.

ಇಂಥ ಏರುಪೇರಿಗೆ ಕಾರ್ಖಾನೆಗಳ ಲೆಕ್ಕ ಸಿದ್ಧವಿರಲಿಲ್ಲವೇಕೆ? ಅವುಗಳ ಯೋಜನಾ ತಂತ್ರಾಂಶಗಳ ಬೇರು ಇರುವುದು 1960ರ ದಶಕದಲ್ಲಿ ಎಂಜಿನಿಯರ್ ಜೋಸೆಫ್ ಆರ್ಲಿಕಿ ರೂಪಿಸಿದ ಎಂಆರ್‌ಪಿಯಲ್ಲಿ (ಪೊಟ್ಟಣದ ಮೇಲಿನ ಬೆಲೆಯಲ್ಲ, ಸಾಮಗ್ರಿಯ ಲೆಕ್ಕಾಚಾರ). ಇಂತಿಷ್ಟು ಕಾರು ಬೇಕೆಂದರೆ ಯಾವ ಬಿಡಿಭಾಗ ಎಷ್ಟು, ಯಾವ ದಿನ ತರಿಸಬೇಕೆಂದು ಅದು ಹಿಂದಿನಿಂದ ಎಣಿಸಿ ಹೇಳುತ್ತದೆ. ಜಾಣ ವಿಧಾನವೇ. ಆದರೆ ಬೇಡಿಕೆಗೆ ಒಂದೇ ಅಂಕಿ, ಸರಬರಾಜಿಗೆ ಒಂದೇ ಅವಧಿ. ಸಾಮರ್ಥ್ಯವಂತೂ ಅಕ್ಷಯಪಾತ್ರೆ ಎಂಬುದು ಅದರ ನಂಬಿಕೆ.

ಅನಿಶ್ಚಿತತೆಯ ಗಣಿತ ಇದಕ್ಕಿಂತ ಹಳೆಯದು. ಬ್ಯಾಂಕು ಎಷ್ಟು ನಗದು ಇಟ್ಟುಕೊಳ್ಳಬೇಕೆಂದು ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲೇ ಲೆಕ್ಕ ಹಾಕಿದ್ದರು. ಇಂದು ಅದನ್ನು ಪತ್ರಿಕೆ ಮಾರುವವನ ಉದಾಹರಣೆಯಿಂದ ಕಲಿಸುತ್ತಾರೆ. 4 ರೂಪಾಯಿಗೆ ಕೊಂಡ ಪತ್ರಿಕೆಯನ್ನು ಅವನು 5 ರೂಪಾಯಿಗೆ ಮಾರುತ್ತಾನೆ. ಉಳಿದದ್ದು ರದ್ದಿ, ಅದಕ್ಕೆ ಕಾಸೂ ಹುಟ್ಟದು ಎನ್ನೋಣ. ಒಂದು ಉಳಿದರೆ 4 ರೂಪಾಯಿ ನಷ್ಟ, ಒಂದು ಸಾಲದಿದ್ದರೆ ಕೈತಪ್ಪುವುದು 1 ರೂಪಾಯಿ. ಸರಾಸರಿ ಬೇಡಿಕೆಯಷ್ಟು ತಂದರೆ ಸರಿಯಲ್ಲವೇ? ಅಲ್ಲ. ಐದರಲ್ಲಿ ನಾಲ್ಕು ದಿನ ಪತ್ರಿಕೆ ಸಾಲದೆ ಹೋಗುವಷ್ಟು ಕಡಿಮೆ ತರುವುದೇ ಅವನಿಗೆ ಲಾಭ. ಚಿಪ್ಪಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಉಳಿದರೆ ಅಲ್ಪ ನಷ್ಟ, ಇಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ಕಾರೇ ಅರ್ಧಕ್ಕೆ ನಿಲ್ಲುತ್ತದೆ. ಇಂಥ ವಸ್ತುವಿನ ದಾಸ್ತಾನನ್ನೂ ಕರಗಿಸಿದ್ದು ಮಿತವ್ಯಯವಲ್ಲ, ಲೆಕ್ಕದ ತಪ್ಪು.

ಸಾವಿರಾರು ಬಿಡಿಭಾಗ, ಹತ್ತಾರು ಯಂತ್ರಗಳಿದ್ದಾಗ? 1955ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ದಾರಿ ತೋರಿದರು. ತಡಮಾಡಲಾಗದ ನಿರ್ಧಾರಗಳನ್ನು ಈಗಲೇ ತೆಗೆದುಕೊಳ್ಳಿ, ಉಳಿದವನ್ನು ಬೇಡಿಕೆ ಕಣ್ಣಿಗೆ ಬಿದ್ದ ಮೇಲೆ. ಆದರೆ ಮೊದಲ ನಿರ್ಧಾರ ಮಾಡುವಾಗ ಮುಂದೆ ಆಗಬಹುದಾದ ಎಲ್ಲ ಸನ್ನಿವೇಶಗಳ ಖರ್ಚನ್ನೂ ತೂಗಿ ನೋಡಿ. ಯಾವ ಮಾರ್ಗಕ್ಕೆ ಎಷ್ಟು ವಿಮಾನ ಎಂಬ ಪ್ರಶ್ನೆಗೆ ಅವರು ಸಂಶೋಧಕ ಫರ್ಗುಸನ್ ಜೊತೆ ಇದನ್ನು ಅನ್ವಯಿಸಿದರು.

ಮಿತ ದಾಸ್ತಾನಿಗೆ ಹೆಸರಾದ ಟೊಯೊಟಾ ಜಪಾನಿನ 2011ರ ಭೂಕಂಪದ ಬಳಿಕ ಎರಡರಿಂದ ಆರು ತಿಂಗಳಿಗಾಗುವಷ್ಟು ಚಿಪ್ ಇಟ್ಟುಕೊಳ್ಳಲು ಸರಬರಾಜುದಾರರಿಗೆ ಹೇಳಿತ್ತು. ಹಾಗಾಗಿ 2021ರ ಆರಂಭದಲ್ಲಿ ಉಳಿದವರಷ್ಟು ಕಂಗೆಡಲಿಲ್ಲ. ಆಗ್ನೇಯ ಏಷ್ಯಾದಲ್ಲಿ ಕೋವಿಡ್ ಹೆಚ್ಚಿದಾಗ ಮಾತ್ರ ಅದೂ ಸೆಪ್ಟೆಂಬರ್ ತಿಂಗಳ ಜಾಗತಿಕ ಉತ್ಪಾದನೆಯನ್ನು ಯೋಜನೆಗಿಂತ ಶೇ. 40ರಷ್ಟು ತಗ್ಗಿಸಿತು.