ಮಳೆಗಾಲದಲ್ಲಿ ಕೋಳಿಗೂಡಿಗೆ ನೀರು ಬೇಡ

ಆಟಿಯ ಮಳೆಗೆ ನಮ್ಮ ಮಂಜೇಶ್ವರ, ಬೇಳ ಕಡೆಯ ಮನೆಗಳಲ್ಲಿ ಕೋಳಿಮರಿಗಳು ರೆಕ್ಕೆ ಇಳಿಬಿಟ್ಟು, ರಕ್ತ ಬೆರೆತ ಹಿಕ್ಕೆ ಹಾಕಿ ಸಾಯುವುದುಂಟು. ಹೆಚ್ಚಾಗಿ ಅದು ಕಾಕ್ಸಿಡಿಯೋಸಿಸ್ ರೋಗ. ಹಿಕ್ಕೆಯೊಡನೆ ಬೀಳುವ ಇದರ ರೋಗಾಣುಗಳು ತೇವ ಸಿಕ್ಕರೆ ಒಂದೆರಡು ದಿನಗಳಲ್ಲೇ ಹರಡಲು ಸಿದ್ಧವಾಗುತ್ತವೆ, ಫಿನಾಯಿಲಿಗೂ ಸಾಯುವುದಿಲ್ಲ. ಒಣಗಿಸಿದರೆ ಮಾತ್ರ ಸೊರಗುತ್ತವೆ. ಆದ್ದರಿಂದ ನೀರು ಸುರಿದು ಗೂಡು ತೊಳೆಯುವ ಅಭ್ಯಾಸವನ್ನು ಬೇಸಿಗೆಗೆ ಇಟ್ಟುಕೊಳ್ಳೋಣ. ಈಗ ಮೂಗಿಗೆ ಬಟ್ಟೆ ಕಟ್ಟಿ, ದಿನವೂ ಹಿಕ್ಕೆ ಕೆರೆದು ತೆಗೆಯೋಣ. ಒದ್ದೆ ಹಾಸನ್ನು ಪೂರ್ತಿ ಹೊರಹಾಕಿ, ತೇವ ಹೀರಲು ಅರಳಿಸಿದ ಸುಣ್ಣದ ಹುಡಿ ತೆಳ್ಳಗೆ ಎರಚಿ, ಮೇಲೆ ಒಣ ಉಮಿ ಹರಡೋಣ. ಮಾಡು ಸೋರದಿದ್ದರೂ ನೀರಿನ ಪಾತ್ರೆ ಚೆಲ್ಲುತ್ತದೆ. ಅದನ್ನು ಇಟ್ಟಿಗೆಯ ಮೇಲಿಡಿ. ಕೆರೆದದ್ದನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕದೆ ಗೊಬ್ಬರದ ಗುಂಡಿಯಲ್ಲಿ ಕೊಳೆಸಿ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಮೃಗಾಸ್ಪತ್ರೆಗೆ ಹೋಗಿ, ನೀರಿನಲ್ಲಿ ಬೆರೆಸಿ ಕೊಡುವ ಮದ್ದು ತನ್ನಿ.