ಬೆಳಕಿಗೆ ಹಿಡಿದು ನೋಡುವ ಮೂಲಪ್ರತಿ: ಬಣ್ಣದ ಸ್ಲೈಡ್ ಮತ್ತು ಅದರ ಡಿಜಿಟಲ್ ನಕಲು

ನೆಗೆಟಿವ್ ಫಿಲ್ಮಿಗೂ ಬಣ್ಣದ ಸ್ಲೈಡಿಗೂ ಇರುವ ಮೂಲಭೂತ ವ್ಯತ್ಯಾಸವೆಂದರೆ, ಕ್ಯಾಮೆರಾದೊಳಗೆ ಕುಳಿತು ದೃಶ್ಯದ ಬೆಳಕನ್ನು ಉಂಡ ಫಿಲ್ಮಿನ ತುಣುಕೇ ಸ್ಲೈಡಿನಲ್ಲಿ ಅಂತಿಮ ಚಿತ್ರವೂ ಆಗಿರುತ್ತದೆ. ನೆಗೆಟಿವ್‌ನಲ್ಲಿ ಬೆಳಕು ಕತ್ತಲಾಗಿ, ಬಣ್ಣಗಳು ತಿರುವುಮುರುವಾಗಿ ಮೂಡುತ್ತವೆ. ಅದನ್ನು ಕಾಗದಕ್ಕೆ ಇಳಿಸುವವನು ತನ್ನ ತಿಳಿವಳಿಕೆಗೆ ತಕ್ಕಂತೆ ಬಣ್ಣವನ್ನೂ ಪ್ರಖರತೆಯನ್ನೂ ತಿದ್ದುತ್ತಾನೆ. ಸ್ಲೈಡಿನಲ್ಲಿ ಅಂಥ ನಡುವಣ ಕೈ ಇಲ್ಲ. 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಚಿತ್ರವನ್ನು ಎರಡು ಅಂಗುಲ ಚದರದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೂರಿಸಿದ ಈ ಪುಟ್ಟ ವಸ್ತು, ಚಿತ್ರ ತೆಗೆದ ಸ್ಥಳದಲ್ಲಿ ಆ ಕ್ಷಣದಲ್ಲಿ ಖುದ್ದಾಗಿ ಹಾಜರಿದ್ದ ದಾಖಲೆ. ಹಳೆಯ ಸ್ಲೈಡುಗಳನ್ನು ಇಂದು ಡಿಜಿಟಲ್ ರೂಪಕ್ಕೆ ತರುವ ಕೆಲಸದ ಎಲ್ಲ ತೊಡಕುಗಳೂ, ಅದರ ಮಹತ್ವವೂ, ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬಣ್ಣದ ಪಾರದರ್ಶಕ ಚಿತ್ರಗಳ ಇತಿಹಾಸವು ಲ್ಯೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೋಕ್ರೋಮ್ ಗಾಜಿನ ಫಲಕಗಳಿಗೂ, ಅವುಗಳಲ್ಲಿ ಬಣ್ಣದ ಸೋಸುಗಗಳಾಗಿ ಬಳಕೆಯಾದ ಆಲೂಗಡ್ಡೆಯ ಪಿಷ್ಟದ ಕಣಗಳಿಗೂ ಹಿಂದೆ ಹೋಗುತ್ತದೆಯಾದರೂ, ಸಾಮಾನ್ಯರ ಕೈಗೆ ಬಣ್ಣವನ್ನು ಕೊಟ್ಟ ಫಿಲ್ಮು ಕೊಡಾಕ್ರೋಮ್. ಅದನ್ನು ರೂಪಿಸಿದ ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗೊಡೋವ್ಸ್ಕಿ ಕಿರಿಯ ಇಬ್ಬರೂ ವೃತ್ತಿಯಿಂದ ಸಂಗೀತಗಾರರು; ಮೊದಲನೆಯವರು ಪಿಯಾನೋ ವಾದಕರು, ಎರಡನೆಯವರು ಪಿಟೀಲು ವಾದಕರು. ಶಾಲಾದಿನಗಳಿಂದಲೂ ಬಣ್ಣದ ಛಾಯಾಗ್ರಹಣದ ಪ್ರಯೋಗಗಳಲ್ಲಿ ಮುಳುಗಿದ್ದ ಈ ಗೆಳೆಯರು 1930ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿದ್ದ ಕೊಡಾಕ್ ಕಂಪನಿಯ ಪ್ರಯೋಗಾಲಯವನ್ನು ಸೇರಿದರು. ಕತ್ತಲೆ ಕೋಣೆಯಲ್ಲಿ ಗಡಿಯಾರ ಕಾಣದ ಕಾರಣ ಬ್ರಾಮ್ಸ್‌ನ ಸಿಂಫನಿಯೊಂದನ್ನು ನಿರ್ದಿಷ್ಟ ಲಯದಲ್ಲಿ ಶಿಳ್ಳೆ ಹಾಕಿ ಅವರು ಸಮಯ ಅಳೆಯುತ್ತಿದ್ದರೆಂಬ ಮಾತು ಛಾಯಾಗ್ರಹಣದ ಚರಿತ್ರೆಯಲ್ಲಿ ನಿಂತುಬಿಟ್ಟಿದೆ. ಅವರ ಫಿಲ್ಮು 1935ರಲ್ಲಿ ಚಲನಚಿತ್ರದ ರೀಲಾಗಿಯೂ, 1936ರಲ್ಲಿ ಸ್ಥಿರಚಿತ್ರಗಳ 35 ಮಿಲಿಮೀಟರ್ ಸುರುಳಿಯಾಗಿಯೂ ಹೊರಬಂದಿತು.

ಇದರ ರಸಾಯನಶಾಸ್ತ್ರ ವಿಶಿಷ್ಟವಾದುದು. ಫಿಲ್ಮಿನ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳನ್ನು ಜೆಲಟಿನ್‌ನಲ್ಲಿ ಬೆರೆಸಿ ಹಚ್ಚಿದ ಲೇಪಕ್ಕೆ ಎಮಲ್ಷನ್ ಎನ್ನುತ್ತಾರೆ. ಬಣ್ಣದ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕುಗಳಿಗೆ ಬೇರೆಬೇರೆಯಾಗಿ ಸ್ಪಂದಿಸುವ ಎಮಲ್ಷನ್ ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ. ಮೊದಲ ಡೆವಲಪರ್ ದ್ರಾವಣವು ಬೆಳಕು ಬಿದ್ದ ಕಡೆಯಲ್ಲೆಲ್ಲ ಕಪ್ಪು ಬೆಳ್ಳಿಯನ್ನು ಮೂಡಿಸುತ್ತದೆ. ಆಮೇಲೆ, ಉಳಿದ ಬೆಳ್ಳಿಯ ಲವಣವನ್ನು ಬಳಸಿಕೊಂಡು ಒಂದು ಪದರದಲ್ಲಿ ಹಳದಿ, ಇನ್ನೊಂದರಲ್ಲಿ ನಸುನೇರಳೆ ಛಾಯೆಯ ಮೆಜೆಂತಾ, ಮತ್ತೊಂದರಲ್ಲಿ ನೀಲಿ ಹಸಿರು ಬೆರೆತ ಸಯಾನ್ ವರ್ಣವನ್ನು ಹುಟ್ಟಿಸಿ, ಕೊನೆಗೆ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆದರೆ ಬಣ್ಣದ ನೇರ ಚಿತ್ರ ಉಳಿಯುತ್ತದೆ. ನೆಗೆಟಿವ್ ಹಂತವನ್ನು ಅದೇ ಫಿಲ್ಮಿನೊಳಗೆ ಮಗುಚಿಹಾಕುವ ಈ ಕ್ರಮಕ್ಕೆ ರಿವರ್ಸಲ್ ಸಂಸ್ಕರಣೆ ಎಂದು ಹೆಸರು. ಬೇರೆ ಸ್ಲೈಡ್ ಫಿಲ್ಮುಗಳಲ್ಲಿ ಬಣ್ಣವನ್ನು ಹುಟ್ಟಿಸುವ ಕಪ್ಲರ್ ಎಂಬ ರಾಸಾಯನಿಕಗಳು ಎಮಲ್ಷನ್ನಿನೊಳಗೇ ಅಡಗಿರುತ್ತವೆ. ಕೊಡಾಕ್ರೋಮಿನಲ್ಲಿ ಮಾತ್ರ ಅವು ಫಿಲ್ಮಿನಲ್ಲಿರದೆ ಸಂಸ್ಕರಣೆಯ ದ್ರಾವಣಗಳಲ್ಲಿದ್ದವು. ಮೂರು ಬಣ್ಣಗಳಿಗೆ ಮೂರು ಪ್ರತ್ಯೇಕ ಡೆವಲಪರ್‌ಗಳು ಬೇಕಾಗುತ್ತಿದ್ದವು. ಹೀಗಾಗಿ ಅದರ ಪದರಗಳು ತೆಳುವಾಗಿದ್ದು ಚಿತ್ರದ ಅಂಚುಗಳು ಹರಿತವಾಗಿ ಮೂಡಿದವು, ಉಳಿಕೆ ಕಪ್ಲರ್‌ಗಳಿಂದ ಕಾಲಕ್ರಮದಲ್ಲಿ ಬರುವ ಕಲೆಯೂ ತಪ್ಪಿತು. ಆದರೆ ಸಂಸ್ಕರಣೆ ಮಾತ್ರ ದೊಡ್ಡ ಯಂತ್ರಾಗಾರಗಳಿಗಷ್ಟೇ ಸಾಧ್ಯವಾದ ಕೆಲಸವಾಯಿತು.

ಆ ಜಟಿಲತೆಯೇ ಕೊನೆಗೆ ಅದರ ಅಂತ್ಯಕ್ಕೂ ಒಂದು ಕಾರಣವಾಯಿತು. 1970ರ ದಶಕದಲ್ಲಿ ಬಂದ ಇ-6 ಎಂಬ ಸರಳ ಸಂಸ್ಕರಣೆಯನ್ನು ಊರೂರಿನ ಸಣ್ಣ ಲ್ಯಾಬ್‌ಗಳೂ ಮಾಡಬಹುದಾಗಿತ್ತು. ಕೊಡಾಕ್ ಕಂಪನಿಯದೇ ಇನ್ನೊಂದು ಸ್ಲೈಡ್ ಫಿಲ್ಮಾದ ಎಕ್ಟಾಕ್ರೋಮ್ ಅದಕ್ಕೆ ಒಗ್ಗಿಕೊಂಡಿತು, 1990ರಲ್ಲಿ ಬಂದ ಫ್ಯೂಜಿ ಕಂಪನಿಯ ವೆಲ್ವಿಯಾ ತನ್ನ ಗಾಢವಾದ ಹಸಿರು, ಕೆಂಪುಗಳಿಂದ ಭೂದೃಶ್ಯ ಛಾಯಾಗ್ರಾಹಕರನ್ನು ಸೆಳೆಯಿತು. ಕೊಡಾಕ್ ಕಂಪನಿ 2009ರಲ್ಲಿ ಕೊಡಾಕ್ರೋಮ್ ತಯಾರಿಕೆಯ ಕೊನೆಯನ್ನು ಘೋಷಿಸಿತು. ಅಫ್ಘನ್ ಬಾಲಕಿಯ ಪ್ರಖ್ಯಾತ ಚಿತ್ರವನ್ನು ಇದೇ ಫಿಲ್ಮಿನಲ್ಲಿ ತೆಗೆದಿದ್ದ ಸ್ಟೀವ್ ಮೆಕ್‌ಕರಿ, ಕಾರ್ಖಾನೆಯಿಂದ ಹೊರಬಂದ ಕೊನೆಯ ಸುರುಳಿಯ ಕೆಲವು ಚೌಕಟ್ಟುಗಳನ್ನು ಭಾರತದಲ್ಲಿ, ಮುಂಬೈಯ ಚಿತ್ರರಂಗದವರನ್ನೂ ರಾಜಸ್ಥಾನದ ರಬಾರಿ ಜನರನ್ನೂ ಎದುರಿಗಿಟ್ಟುಕೊಂಡು ತುಂಬಿಸಿದರು. ಈ ಫಿಲ್ಮನ್ನು ಸಂಸ್ಕರಿಸುತ್ತಿದ್ದ ಜಗತ್ತಿನ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಪಟ್ಟಣದ ಡ್ವೇನ್ಸ್ ಫೋಟೋ, 2010ರ ಡಿಸೆಂಬರ್ 30ರ ನಂತರ ಹೊಸ ಸುರುಳಿಗಳನ್ನು ಸ್ವೀಕರಿಸಲಿಲ್ಲ. ಅಂದಿನಿಂದ ಯಾರ ಮನೆಯ ಮೂಲೆಯಲ್ಲಾದರೂ ಸಂಸ್ಕರಿಸದ ಕೊಡಾಕ್ರೋಮ್ ಸುರುಳಿ ಸಿಕ್ಕರೆ ಅದರಿಂದ ಸಾಮಾನ್ಯವಾಗಿ ಕಪ್ಪುಬಿಳುಪಿನ ಚಿತ್ರವನ್ನಷ್ಟೇ ಹೊರತೆಗೆಯಬಹುದು. ಎಕ್ಟಾಕ್ರೋಮ್ ಮಾತ್ರ ಕೆಲವು ವರ್ಷ ನಿಂತುಹೋಗಿ 2018ರಲ್ಲಿ ಮರಳಿ ಬಂದಿದೆ.

ಸ್ಲೈಡ್ ಫಿಲ್ಮು ಛಾಯಾಗ್ರಾಹಕನಿಂದ ಕಟ್ಟುನಿಟ್ಟಿನ ಶಿಸ್ತನ್ನು ಬೇಡುತ್ತಿತ್ತು. ಫಿಲ್ಮಿಗೆ ಬೀಳುವ ಬೆಳಕು ಇಮ್ಮಡಿಯಾಗುವ ಅಥವಾ ಅರ್ಧಕ್ಕಿಳಿಯುವ ಅಂತರವನ್ನು ಒಂದು ಸ್ಟಾಪ್ ಎನ್ನುತ್ತಾರೆ. ನೆಗೆಟಿವ್‌ನಲ್ಲಿ ಒಂದೆರಡು ಸ್ಟಾಪ್‌ಗಳ ತಪ್ಪನ್ನು ಮುದ್ರಣದಲ್ಲಿ ಸರಿಪಡಿಸಬಹುದು. ಸ್ಲೈಡಿನಲ್ಲಿ ಅರ್ಧ ಸ್ಟಾಪಿನಷ್ಟು ಬೆಳಕು ಹೆಚ್ಚಾದರೂ ಮೋಡವೋ ಬಿಳಿ ಅಂಗಿಯೋ ಬರಿದಾದ ಫಿಲ್ಮಾಗಿ ಉಳಿಯುತ್ತದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರಿಂದ ವನ್ಯಜೀವಿ ಛಾಯಾಗ್ರಹಣದ ಗಟ್ಟಿ ಪರಂಪರೆ ಬೆಳೆದ ಬೆಂಗಳೂರಿನಲ್ಲಿ ಸ್ಲೈಡ್ ಹೊಸದೇನಲ್ಲ. ಛಾಯಾಚಿತ್ರ ಸ್ಪರ್ಧೆಗಳಲ್ಲಿ ಬಣ್ಣದ ಸ್ಲೈಡಿಗೆ ಪ್ರತ್ಯೇಕ ವಿಭಾಗವಿರುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಕಾಲೇಜಿನ ಸಸ್ಯಶಾಸ್ತ್ರ, ವೈದ್ಯಕೀಯ, ಕಲಾ ಇತಿಹಾಸದ ತರಗತಿಗಳೂ ಬಹುಕಾಲ ಸ್ಲೈಡ್ ಪ್ರೊಜೆಕ್ಟರಿನ ಬೆಳಕಿನಲ್ಲೇ ನಡೆದವು.

ಸ್ಲೈಡುಗಳ ಬಾಳಿಕೆಯಲ್ಲಿ ನೋವಿನ ವೈರುಧ್ಯವೊಂದಿದೆ. 1938ರಲ್ಲಿ ಸಂಸ್ಕರಣೆಯ ಕ್ರಮವನ್ನು ತಿದ್ದಿದ ಮೇಲೆ ತಯಾರಾದ ಕೊಡಾಕ್ರೋಮ್ ಚಿತ್ರಗಳು ಕತ್ತಲೆಯಲ್ಲಿ ದಶಕಗಟ್ಟಲೆ ಬಣ್ಣಗೆಡದೆ ಉಳಿಯುತ್ತವೆ. ಅವೇ ಚಿತ್ರಗಳು ಪ್ರೊಜೆಕ್ಟರಿನ ತೀಕ್ಷ್ಣ ಬೆಳಕಿನಲ್ಲಿ ಎಕ್ಟಾಕ್ರೋಮ್ ಮತ್ತು ಫ್ಯೂಜಿ ಕಂಪನಿಯ ಫ್ಯೂಜಿಕ್ರೋಮ್‌ಗಳಿಗಿಂತ ಬೇಗ ಮಾಸುತ್ತವೆ. ಅಂದರೆ ಮನೆಯವರು ಹೆಚ್ಚು ಇಷ್ಟಪಟ್ಟು, ಬಂದವರಿಗೆಲ್ಲ ಗೋಡೆಯ ಮೇಲೆ ತೋರಿಸಿದ ಚಿತ್ರಗಳೇ ಮೊದಲು ಕೆಡುತ್ತವೆ, ಯಾರೂ ನೋಡದೆ ಪೆಟ್ಟಿಗೆಯಲ್ಲಿ ಬಿದ್ದವು ಹೊಸದರಂತೆ ಉಳಿಯುತ್ತವೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ಜೆಲಟಿನ್ ಪ್ರಾಣಿಜನ್ಯ ವಸ್ತುವಾದ್ದರಿಂದ ಮಳೆಗಾಲದ ತೇವದಲ್ಲಿ ಅದೇ ಶಿಲೀಂಧ್ರಕ್ಕೆ ಆಹಾರವಾಗಿ, ಚಿತ್ರದ ಮೇಲೆ ಬೇರಿನಂಥ ಎಳೆಗಳು ಹಬ್ಬುತ್ತವೆ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುವುದರಿಂದ ಅಂಥ ಸ್ಲೈಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಕಿತ್ತುಬರುತ್ತದೆ. ಗಾಳಿಯ ತೇವಾಂಶ ಶೇಕಡ 30ರಿಂದ 40ರಷ್ಟಿರುವಂತೆ ನೋಡಿಕೊಂಡ, ತಂಪಾದ, ಕತ್ತಲೆಯ ಜಾಗವೇ ಇವಕ್ಕೆ ಸರಿಯಾದ ನೆಲೆ.

ಡಿಜಿಟಲ್ ರೂಪಕ್ಕೆ ತರುವ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ: ಫಿಲ್ಮ್ ಸ್ಕ್ಯಾನರಿನಿಂದ, ಅಥವಾ ಹತ್ತಿರದ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಮಸೂರವಿರುವ ಕ್ಯಾಮೆರಾವನ್ನು ಸಮಬೆಳಕಿನ ಫಲಕದ ಮೇಲಿಟ್ಟ ಸ್ಲೈಡಿನೆದುರು ನಿಲ್ಲಿಸುವುದರಿಂದ. ಒಂದು ಅಂಗುಲಕ್ಕೆ 4000 ಬಿಂದುಗಳ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಸ್ಲೈಡಿನಿಂದ ಸುಮಾರು 2.1 ಕೋಟಿ ಬಿಂದುಗಳ ಚಿತ್ರ ದೊರೆಯುತ್ತದೆ. ಬಿಂದುಗಳ ಸಂಖ್ಯೆಗಿಂತಲೂ ಮುಖ್ಯವಾದುದು ನೆರಳಿನ ವಿವರ. ಸ್ಲೈಡಿನ ಕಪ್ಪು ತೀರ ದಟ್ಟವಾದುದರಿಂದ ಅಗ್ಗದ ಯಂತ್ರಗಳು ಅಲ್ಲಿರುವ ಮುಖವನ್ನೋ ಮರದ ತೊಗಟೆಯನ್ನೋ ಕಾಣದೆ ಅರ್ಥವಿಲ್ಲದ ಚುಕ್ಕೆಗಳನ್ನಷ್ಟೇ ದಾಖಲಿಸುತ್ತವೆ. ಉತ್ತಮ ಸ್ಕ್ಯಾನರುಗಳು ಅವಗೆಂಪು ಕಿರಣವನ್ನು ಹಾಯಿಸಿ ದೂಳು, ಗೀರುಗಳನ್ನು ಗುರುತಿಸಿ ಅಳಿಸುತ್ತವೆ. ಸಾಮಾನ್ಯ ವರ್ಣಗಳ ಮೂಲಕ ಅವಗೆಂಪು ಸರಾಗವಾಗಿ ಹಾದುಹೋಗುವುದೂ, ದೂಳು ಅದನ್ನು ತಡೆಯುವುದೂ ಇದರ ತಳಹದಿ. ಕೊಡಾಕ್ರೋಮ್ ಇಲ್ಲಿಯೂ ಬೇರೆಯೇ. ಅದರ ಚಿತ್ರ ಅವಗೆಂಪನ್ನು ಭಾಗಶಃ ತಡೆಯುವುದರಿಂದ ಯಂತ್ರ ಚಿತ್ರದ ವಿವರವನ್ನೇ ದೂಳೆಂದು ಬಗೆದು ಅಳಿಸುವ ಅಪಾಯವಿದೆ. ಇ-6 ವರ್ಣಗಳಿಗೆ ಹೊಂದಿಸಿದ ಸ್ಕ್ಯಾನರಿನಲ್ಲಿ ಅದು ನೀಲಿಗೆ ವಾಲುವುದೂ ಉಂಟು. ಆ ನೀಲಿಯನ್ನು ಫಿಲ್ಮಿನ ಗುಣವೆಂದು ನಂಬಿ ಹಾಗೆಯೇ ಬಿಡುವುದು ಮೂಲಕ್ಕೆ ಎಸಗುವ ಅನ್ಯಾಯ.

ಚಿತ್ರದಷ್ಟೇ ಅದರ ಜೊತೆಗಿನ ಬರಹವೂ ದಾಖಲೆ ಎಂಬುದಕ್ಕೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿರುವ ಚಾರ್ಲ್ಸ್ ಕುಶ್ಮನ್ ಸಂಗ್ರಹ ಒಳ್ಳೆಯ ನಿದರ್ಶನ. ವೃತ್ತಿಪರ ಛಾಯಾಗ್ರಾಹಕನಲ್ಲದ ಕುಶ್ಮನ್ 1938ರಿಂದ 1969ರವರೆಗೆ ತೆಗೆದ ಸುಮಾರು 14,500 ಕೊಡಾಕ್ರೋಮ್ ಸ್ಲೈಡುಗಳನ್ನು ತಾನು ಓದಿದ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ. ಷಿಕಾಗೊ, ಸ್ಯಾನ್‌ಫ್ರಾನ್ಸಿಸ್ಕೊಗಳ ಬೀದಿಗಳು, ಅಂಗಡಿಮುಂಗಟ್ಟುಗಳು, ಕೂಲಿಕಾರರು ಅವುಗಳಲ್ಲಿ ಬಣ್ಣಸಹಿತ ಉಳಿದಿವೆ. ವಿಶ್ವವಿದ್ಯಾಲಯ ಅವನ್ನು ಡಿಜಿಟಲ್ ರೂಪಕ್ಕೆ ತಂದು ಸಾರ್ವಜನಿಕರಿಗೆ ತೆರೆದಾಗ ಸಂಗ್ರಹಕ್ಕೆ ನಿಜವಾದ ಬೆಲೆ ಬಂದದ್ದು, ಆತ ಚಿಕ್ಕ ಪುಸ್ತಕಗಳಲ್ಲಿ ಸ್ಥಳ, ದಿನಾಂಕ, ವಿಷಯಗಳನ್ನು ತಪ್ಪದೆ ಬರೆದಿಟ್ಟಿದ್ದರಿಂದ. ಕನ್ನಡಿಗರ ಮನೆಗಳಲ್ಲಿರುವ ಪೆಟ್ಟಿಗೆಗಳಿಗೂ ಇದು ಅನ್ವಯಿಸುತ್ತದೆ. ಕೊಡಾಕ್ ರಟ್ಟುಗಳ ಮೇಲೆ ಸಂಸ್ಕರಣೆಯಾದ ತಿಂಗಳು, ವರ್ಷಗಳ ಮುದ್ರೆ ಅನೇಕ ವೇಳೆ ಇರುತ್ತದೆ, ಮನೆಯ ಹಿರಿಯರ ಕೈಬರಹದಲ್ಲಿ ಊರಿನ, ಮದುವೆಯ, ಜಾತ್ರೆಯ ಹೆಸರಿರುತ್ತದೆ. ಚಿತ್ರವನ್ನು ಸ್ಕ್ಯಾನ್ ಮಾಡುವ ಮೊದಲು ಚೌಕಟ್ಟಿನ ಎರಡೂ ಮುಖಗಳ ಒಂದು ನಕಲು ತೆಗೆದು ಚಿತ್ರದ ಕಡತಕ್ಕೂ ಅದಕ್ಕೂ ಒಂದೇ ಸಂಖ್ಯೆ ಕೊಡುವುದು, ಪೆಟ್ಟಿಗೆಯೊಳಗಿನ ಕ್ರಮವನ್ನು ಕದಲಿಸದಿರುವುದು, ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಮುಖಗಳಿಗೆ ಹೆಸರು ಹಚ್ಚುವುದು ತಾಂತ್ರಿಕ ನೈಪುಣ್ಯಕ್ಕಿಂತ ತುರ್ತಿನ ಕೆಲಸ.

ಸ್ಕ್ಯಾನ್ ಮುಗಿಯಿತೆಂದು ಮೂಲ ಸ್ಲೈಡುಗಳನ್ನು ಎಸೆಯುವವರೂ ಇದ್ದಾರೆ. ಅದು ಎಂಥ ತಪ್ಪೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಕೊಡಾಕ್ ಕಂಪನಿಯೇ 1992ರಲ್ಲಿ ಫೋಟೋ ಸಿಡಿ ಎಂಬ ವ್ಯವಸ್ಥೆಯನ್ನು ತಂದು, ಜನರ ಸ್ಲೈಡುಗಳನ್ನೂ ನೆಗೆಟಿವ್‌ಗಳನ್ನೂ ಅತಿಹೆಚ್ಚೆಂದರೆ 3072 ಅಡ್ಡಬಿಂದು, 2048 ಲಂಬಬಿಂದುಗಳ ಚಿತ್ರಗಳಾಗಿ ತಟ್ಟೆಗೆ ಇಳಿಸಿಕೊಡುತ್ತಿತ್ತು. ಆ ಕಡತದ ಸ್ವರೂಪ ಕಂಪನಿಯ ಸ್ವಂತದ್ದಾಗಿತ್ತು. ವ್ಯವಸ್ಥೆಯೇ ನಿಂತುಹೋದ ಮೇಲೆ ಅದನ್ನು ತೆರೆಯಬಲ್ಲ ತಂತ್ರಾಂಶಗಳೂ, ತಟ್ಟೆಯನ್ನು ಓದುವ ಯಂತ್ರಗಳೂ ಈಗ ವಿರಳವಾಗಿವೆ. ಆ ತಟ್ಟೆಗಳಿಗೆ ಮೂಲವಾದ ಸ್ಲೈಡುಗಳನ್ನು ಉಳಿಸಿಕೊಂಡವರು ಇಂದಿನ ಯಂತ್ರಗಳಲ್ಲಿ, ಅಂದಿಗಿಂತ ಮೂರು ಪಟ್ಟಿಗೂ ಹೆಚ್ಚು ಬಿಂದುಗಳಲ್ಲಿ, ನೆರಳಿನ ವಿವರದೊಡನೆ ಮತ್ತೆ ನಕಲು ತೆಗೆದುಕೊಳ್ಳುತ್ತಿದ್ದಾರೆ.